ಗೆಂಗ್ ಮೇಸ್ತ್ರಿಯ ಬಿಪಿ

ನೂರ ಎಂಬತ್ತೆರಡು. ಕಣ್ಣಾಸ್ಪತ್ರೆಯ ನರ್ಸು ನನ್ನ ಹೆಂಡತಿಯ ತೋಳಿನ ಪಟ್ಟಿ ಬಿಚ್ಚುತ್ತ ಅಂಕಿಯನ್ನು ಗಟ್ಟಿಯಾಗಿ ಓದಿದಳು. ನೂರ ಅರವತ್ತಕ್ಕಿಂತ ಕೆಳಗೆ ಇಳಿಸಿಕೊಂಡು ಬನ್ನಿ, ಆಮೇಲೆ ಪೊರೆ ತೆಗೆಯೋಣ ಎಂದಳು, ಪೇಟೆಗೆ ಹೋಗಿ ಎರಡು ಮೂಲಂಗಿ ತನ್ನಿ ಅನ್ನುವ ಹಾಗೆ. ಇದು ಎರಡನೇ ಸಲ. ಹೆಂಡತಿ ತೋಳು ಮುಚ್ಚಿಕೊಂಡು ಮಾತಿಲ್ಲದೆ ಎದ್ದಳು. ಮಾತೆಲ್ಲ ಆಡಿದವನು ನಾನು. ಎರಡು ತಿಂಗಳಿಂದ ಇಳಿಸುವುದೇ ನಮ್ಮ ಕಸುಬಾಗಿದೆ, ಇಳಿಯುವ ಬದಲು ಏರುತ್ತಿದೆ, ನಿಮ್ಮ ಯಂತ್ರವೇ ಕೆಟ್ಟಿರಬೇಕು ಎಂದೆ. ನರ್ಸು ಆ ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿ ಗುಂಡಿ ಒತ್ತಿದಳು. ನೂರ ಇಪ್ಪತ್ತಾರು. ಸಾಲಿನಲ್ಲಿ ಕೂತಿದ್ದ ಮುದುಕರೆಲ್ಲ ನಕ್ಕರು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಬಾವ್ ದೆಮಾವ್. ಬೋಜೌ ಊರಿನ ಗಿಡಮೂಲಿಕೆ ಸಂತೆಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು. ಹೆಂಡತಿ ಗೆಂಗ್ ಸುಯುನ್ ಅದೇ ಊರಿನ ಹಳೇ ಪೇಟೆಯ ಔಷಧಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ವೈದ್ಯರ ಚೀಟಿ ನೋಡಿ ಮೂಲಿಕೆ ತೂಗಿ ಕೊಟ್ಟವಳು. ಅಂಗಡಿಯವರು, ಗಿರಾಕಿಗಳು, ಎದುರುಗಡೆ ರೊಟ್ಟಿ ಸುಡುವವನು, ಎಲ್ಲರೂ ಅವಳನ್ನು ಗೆಂಗ್ ಮೇಸ್ತ್ರಿ ಎಂದೇ ಕರೆಯುವುದು. ನನ್ನನ್ನು ಮೇಸ್ತ್ರಿಯ ಗಂಡ ಎನ್ನುತ್ತಾರೆ. ಅವಳ ಲೆಕ್ಕ ಗ್ರಾಮಿನಲ್ಲಿ, ನನ್ನ ಲೆಕ್ಕ ಮೂಟೆಯಲ್ಲಿ. ನಮ್ಮ ಮೂವತ್ತೇಳು ವರ್ಷದ ಸಂಸಾರ ಈ ಎರಡು ಲೆಕ್ಕಗಳ ನಡುವಿನ ಜಗಳದಲ್ಲೇ ಕಳೆದಿದೆ.

ಅವಳು ಕೆಲಸ ಮಾಡುವುದನ್ನು ನೋಡಬೇಕಿತ್ತು. ಗೋಡೆಯುದ್ದಕ್ಕೂ ನೂರಾರು ಮರದ ಖಾನೆ, ಒಂದೊಂದರಲ್ಲಿ ಎರಡು ಮೂರು ಬಗೆಯ ಮೂಲಿಕೆ. ಚೀಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಕೈತಕ್ಕಡಿ ಹಿಡಿದು ಹೊರಟಳೆಂದರೆ ಗಿರಾಕಿ ಒದ್ದೆ ಕೊಡೆ ಮಡಿಸಿ ಕೂರುವಷ್ಟರಲ್ಲಿ ಅರ್ಧ ಔಷಧಿ ತೂಗಿ ಆಗಿರುತ್ತಿತ್ತು. ಐದು ದಿನದ ಔಷಧಿ ಎಂದರೆ ಐದು ಕಾಗದ ಹರಡಿ, ಒಟ್ಟಿಗೆ ತೂಗಿದ್ದನ್ನು ಕೈಯಳತೆಯಲ್ಲೇ ಐದು ಗುಪ್ಪೆ ಮಾಡುತ್ತಿದ್ದಳು. ಯಜಮಾನ ಹುವೊ ಕೆಲಸಕ್ಕೆ ಬಂದ ಹೊಸಬರ ಎದುರಿಗೆ ಆ ಗುಪ್ಪೆಗಳನ್ನು ಮತ್ತೆ ತೂಗಿಸಿದರೆ ಒಂದಕ್ಕೊಂದು ಅರ್ಧ ಗ್ರಾಂ ವ್ಯತ್ಯಾಸ ಬರುತ್ತಿರಲಿಲ್ಲ. ಮನೆಯಲ್ಲೂ ಇದೇ ಚಾಳಿ. ನಾನು ಗಂಜಿಗೆ ನವಣೆ ಅಳೆದಿಟ್ಟರೆ ಬಟ್ಟಲು ಎತ್ತಿ ನೋಡಿ, ಇವತ್ತು ಹೆಚ್ಚಾಯಿತು ಎನ್ನುವಳು. ಇಂಥವಳ ಜೊತೆ ಬಾಳುವುದು ಕಷ್ಟ ಎಂದು ಹೇಳಿಕೊಂಡರೆ ಊರಿನಲ್ಲಿ ಯಾರೂ ನನ್ನ ಕಡೆ ನಿಲ್ಲುವುದಿಲ್ಲ.

ಆ ವರ್ಷ ವಸಂತದಲ್ಲಿ ಒಂದು ಮಧ್ಯಾಹ್ನ ಅವಳೇ ತಕ್ಕಡಿಯನ್ನು ಕೆಳಗಿಟ್ಟಳು. ವಿಷ ತೆಗೆದು ಬಳಸುವ ಒಂದು ಗೆಡ್ಡೆಯ ಹೆಸರಿನ ಮುಂದೆ ಬರೆದಿದ್ದು ಮೂರೋ ಎಂಟೋ ಕಾಣಲಿಲ್ಲವಂತೆ. ತಪ್ಪೇನೂ ಆಗಿರಲಿಲ್ಲ. ಆಗುವ ಮೊದಲೇ ಯಜಮಾನನ ಹತ್ತಿರ ಹೋಗಿ, ನನ್ನ ಕಣ್ಣನ್ನು ಇನ್ನು ನಂಬಬೇಡಿ ಎಂದು ಹೇಳಿ ಮನೆಗೆ ಬಂದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಹುವೊ ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ಶರತ್ಕಾಲದ ಹುಣ್ಣಿಮೆ ಹಬ್ಬದವರೆಗೆ ನಿಮ್ಮ ಜಾಗ ಹಾಗೇ ಇರುತ್ತದೆ ಎಂದ. ಅಲ್ಲಿಯ ತನಕ ಇನ್ನೊಂದು ಅಂಗಡಿಯಿಂದ ಫಾಂಗ್ ಎಂಬ ಹೆಂಗಸನ್ನು ಕರೆಸಿ ನಿಲ್ಲಿಸುತ್ತೇನೆ, ಹಬ್ಬ ಕಳೆದರೆ ಚಳಿಗಾಲದ ಪುಷ್ಟಿ ಔಷಧಿಯ ಗಿರಾಕಿ ಶುರುವಾಗುತ್ತದೆ, ಆಗ ಕೌಂಟರಿಗೆ ಕಾಯಂ ಮನುಷ್ಯರು ಬೇಕೇ ಬೇಕು ಎಂದ. ಅರವತ್ತಕ್ಕೆ ಎರಡು ಕಡಿಮೆಯಿರುವ ಹೆಂಗಸಿಗೆ ಆ ಕೌಂಟರ್ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪೊರೆ ತೆಗೆಯುವುದೇನು ದೊಡ್ಡ ಕೆಲಸವಲ್ಲ, ಅರ್ಧ ಗಂಟೆ ಸಾಕು ಎಂದು ಎಲ್ಲರೂ ಹೇಳಿದರು. ಅರ್ಧ ಗಂಟೆಯ ಕೆಲಸಕ್ಕೆ ಮೊದಲ ಸಲ ಹೋದಾಗ ಬಿಪಿ ನೂರ ಅರವತ್ತನಾಲ್ಕು ಬಂತು. ಬರೀ ನಾಲ್ಕು ಹೆಚ್ಚು. ಮೂವತ್ತೆಂಟು ವರ್ಷ ಪರರ ಬಿಪಿಗೆ ಔಷಧಿ ಕಟ್ಟಿದವಳು ತನ್ನದನ್ನು ಒಮ್ಮೆಯೂ ನೋಡಿಸಿಕೊಂಡಿರಲಿಲ್ಲ. ನಾನು ಅಲ್ಲೇ ನಿಂತು ಬೈದೆ.

ಅಂಗಡಿಯಲ್ಲಿ ವಾರಕ್ಕೆರಡು ಬೆಳಿಗ್ಗೆ ಕೂರುವ ಚ್ಯಾವ್ ವೈದ್ಯರಿಗೆ ತೋರಿಸಿದೆವು. ಅವರು ಎರಡೂ ಮಣಿಕಟ್ಟು ಹಿಡಿದು ನಾಡಿ ನೋಡಿದರು, ನಾಲಿಗೆ ನೋಡಿದರು. ಪಿತ್ತಜನಕಾಂಗದ ಕಾವು ತಲೆಗೇರಿದೆ, ಅದನ್ನು ಹಿಡಿದಿಡುವ ತಂಪು ಕೆಳಗೆ ಸಾಲದು, ಕೋಪ ಕೂಡದು, ಉಪ್ಪು ಕೂಡದು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂದರು. ಹನ್ನೊಂದು ಮೂಲಿಕೆ ಬರೆದುಕೊಟ್ಟರು. ಇದರ ಜೊತೆಗೆ ಇಂಗ್ಲಿಷ್ ಮಾತ್ರೆಯನ್ನೂ ತಗೊಳ್ಳಿ, ನಾಚಿಕೆ ಬೇಡ ಎಂದು ಅವರೇ ಹೇಳಿದರು. ಹೆಂಡತಿ ಮೂಲಿಕೆಗೆ ಹೂಂ ಎಂದಳು, ಮಾತ್ರೆಗೆ ಉಹೂಂ ಎಂದಳು. ಒಮ್ಮೆ ಮಾತ್ರೆ ಶುರುವಾದರೆ ಹೆಣದ ಪೆಟ್ಟಿಗೆಯಲ್ಲಿ ಮಲಗಿಸುವವರೆಗೂ ಬಿಡುವುದಿಲ್ಲ ಎಂಬುದು ಅವಳ ವಾದ. ಗಂಡನೂ ಹಾಗೇ ತಾನೇ, ಅವನನ್ನು ಹೇಗೆ ನುಂಗಿಕೊಂಡೆ ಎಂದು ಕೇಳಿದೆ.

ಕಷಾಯ ಕುದಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳಿಗೆ ಉರಿ ಸರಿಯಾಗಿ ಕಾಣುತ್ತಿರಲಿಲ್ಲ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದೆ. ಮಣ್ಣಿನ ಮಡಕೆಯಲ್ಲಿ ಮೊದಲು ಕಡಲ ಚಿಪ್ಪು, ಅರ್ಧ ಗಂಟೆ. ಆಮೇಲೆ ಬೇರು ಗೆಡ್ಡೆಗಳು. ಕೊಕ್ಕೆ ಕೊಕ್ಕೆ ಬಳ್ಳಿಯೊಂದಿದೆ, ಅದನ್ನು ಇಳಿಸಲು ಐದು ನಿಮಿಷ ಇರುವಾಗ ಹಾಕಬೇಕು, ಮೊದಲೇ ಹಾಕಿದರೆ ಅದರ ಗುಣ ಹೋಗುತ್ತದೆ. ಒಂದು ಸಲ ಬಸಿದು, ಮತ್ತೆ ನೀರು ಹಾಕಿ ಕುದಿಸಿ, ಎರಡನ್ನೂ ಬೆರೆಸಿ ಬೆಳಿಗ್ಗೆಗೊಂದು ಬಟ್ಟಲು, ಸಂಜೆಗೊಂದು ಬಟ್ಟಲು. ಹೊಗೆ ಕುಡಿದು ಬೆವರು ಸುರಿಸಿ ಮಾಡಿ ಕೊಟ್ಟರೆ, ಇವಳು ಒಂದು ಗುಟುಕು ಕುಡಿದು ಮುಖ ಹಿಂಡಿದಳು. ಇನ್ನೊಂದು ಗುಟುಕಿಗೆ ಓಕರಿಸಿದಳು. ಮಿಕ್ಕಿದ್ದು ಕಿಟಕಿಯ ಹೂಕುಂಡಕ್ಕೆ ಹೋಯಿತು. ಮೂವತ್ತೆಂಟು ವರ್ಷ ಪೊಟ್ಟಣ ಕಟ್ಟಿ ಕೊಡುವಾಗಲೆಲ್ಲ, ಬಿಸಿ ಇರುವಾಗಲೇ ಒಂದೇ ಉಸಿರಿಗೆ ಕುಡಿಯಿರಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ಇವಳು. ತನ್ನ ಸರದಿ ಬಂದಾಗ ನಾಲ್ಕು ದಿನದ ಕಷಾಯವನ್ನು ಹೂವಿಗೆ ಕುಡಿಸಿದಳು.

ಐದನೇ ದಿನ ನಾನು ಮಡಕೆಗೆ ಒಂದು ಹಿಡಿ ಜ್ಯೇಷ್ಠಮಧು ಹಾಕಿದೆ. ನಮ್ಮೂರಿನಲ್ಲಿ ಅದು ಯಾರ ಮನೆಯಲ್ಲಿಲ್ಲ. ಗೋದಾಮಿನಲ್ಲಿ ಮೂಟೆ ಹೊರುವವರ ಬಾಯಲ್ಲಿ ಸದಾ ಅದರದೊಂದು ಚೂರು ಇರುತ್ತದೆ, ದಗೆ ಆರುತ್ತದೆ. ಕೆಮ್ಮಿನ ಕಷಾಯಕ್ಕೂ ಅದು, ಹೊಟ್ಟೆನೋವಿನ ಕಷಾಯಕ್ಕೂ ಅದು. ಅಂಗಡಿಯಲ್ಲಿ ಅದರ ಖಾನೆಯನ್ನು ದಿನಕ್ಕೆರಡು ಸಲ ತುಂಬುತ್ತಾರೆ. ವೈದ್ಯರ ಪೊಟ್ಟಣ ಬಿಚ್ಚಿ ನೋಡಿದರೆ ಅದಿರಲಿಲ್ಲ, ಬರೆಯಲು ಮರೆತಿರಬೇಕು ಎಂದುಕೊಂಡೆ. ಮೊದಲ ಕುದಿಗೆ ಒಂದು ಹಿಡಿ, ಎರಡನೇ ಕುದಿಗೆ ಒಂದು ಹಿಡಿ. ಹೆಂಡತಿಗೆ ಹೇಳಲಿಲ್ಲ. ಔಷಧಿಯ ವಿಷಯದಲ್ಲಿ ಅವಳೆದುರು ಬಾಯಿ ಬಿಟ್ಟರೆ, ಮೂಟೆಯವನಿಗೆ ಇದೆಲ್ಲ ಯಾಕೆ ಎಂದು ಚುಚ್ಚುತ್ತಿದ್ದಳು. ಅವತ್ತು ಅವಳು ಒಂದು ಗುಟುಕು ಕುಡಿದಳು. ನಿಲ್ಲಿಸಿದಳು. ನನ್ನ ಕಡೆ ಮುಖ ತಿರುಗಿಸಿದಳು. ಆಮೇಲೆ ಬಟ್ಟಲು ಎತ್ತಿ ತಳ ಕಾಣುವವರೆಗೂ ಕುಡಿದು ಇಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಕಷಾಯದ ಚರಟವನ್ನು ನಾನೇ ತೆಗೆದುಕೊಂಡು ಹೋಗಿ ನಾಲ್ಕು ದಾರಿ ಕೂಡುವಲ್ಲಿ ಸುರಿದು ಬರುತ್ತಿದ್ದೆ. ಹೋಗಿಬರುವವರು ತುಳಿದರೆ ಕಾಯಿಲೆ ಅವರ ಕಾಲಿಗೆ ಅಂಟಿಕೊಂಡು ಹೋಗುತ್ತದೆ ಎನ್ನುತ್ತಾರಲ್ಲ, ಹಾಗೆ. ಬೀದಿ ಗುಡಿಸುವವಳು ದಿನಾ ನನಗೆ ಶಾಪ ಹಾಕುತ್ತಿದ್ದಳು. ಕಾಯಿಲೆ ಮಾತ್ರ ಯಾರ ಕಾಲಿಗೂ ಅಂಟಲಿಲ್ಲ.

ಮನೆಗೊಂದು ಬಿಪಿ ಯಂತ್ರ ಕೊಂಡು ತಂದು ದಿನಾ ಮೂರು ಸಲ ನೋಡುತ್ತಿದ್ದೆ. ಹತ್ತು ದಿನ ಕಳೆದ ಮೇಲೆ ನೂರ ಅರವತ್ತೆಂಟು. ತಿಂಗಳಿಗೆ ನೂರ ಎಪ್ಪತ್ತನಾಲ್ಕು. ನನಗೆ ತಲೆ ಕೆಟ್ಟುಹೋಯಿತು. ಕಷಾಯ ತಪ್ಪುತ್ತಿಲ್ಲ, ಹಾಗಾದರೆ ತಪ್ಪು ಎಲ್ಲಿದೆ? ಇವಳಲ್ಲೇ ಇರಬೇಕು. ಕೋಪ ಕೂಡದು ಎಂದು ವೈದ್ಯರು ಹೇಳಿದ್ದನ್ನು ನಾನು ಪೊಲೀಸಿನವರ ಹಾಗೆ ಜಾರಿಗೆ ತಂದೆ. ಮಾಜಾಂಗ್ ಆಟದಲ್ಲಿ ಸೋತರೆ ಕೋಪ ಬರುತ್ತದೆ ಎಂದು ಆಟ ಬಿಡಿಸಿದೆ. ಟಿವಿ ಧಾರಾವಾಹಿಯ ಅತ್ತೆಯನ್ನು ಕಂಡರೆ ಇವಳಿಗಾಗುತ್ತಿರಲಿಲ್ಲ, ಟಿವಿ ನಿಲ್ಲಿಸಿದೆ. ಧ್ವನಿ ಸ್ವಲ್ಪ ಏರಿದರೂ ಬೆರಳೆತ್ತಿ ಎಚ್ಚರಿಸುತ್ತಿದ್ದೆ.

"ನಂಗೆ ಕೋಪ ಬರೋದು ನೀನು ಕೋಪ ಮಾಡ್ಕೋಬೇಡ ಅಂದಾಗ ಮಾತ್ರ," ಎಂದಳು ಒಂದು ದಿನ.

ಉಪ್ಪಿನ ವಿಷಯಕ್ಕೂ ಕೈ ಹಾಕಿದೆ. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಉಪ್ಪಿನಕಾಯಿ ಜಾಡಿಯೊಂದಿತ್ತು. ಮೂವತ್ತೇಳು ವರ್ಷದಿಂದ ಅದೇ ಉಪ್ಪುನೀರಿಗೆ ಹೊಸ ಉಪ್ಪು, ಹೊಸ ಸಾಸಿವೆ ಗೆಡ್ಡೆ ಸೇರಿಸುತ್ತ ಬಂದಿದ್ದಳು. ಒಂದು ಬೆಳಿಗ್ಗೆ ಗಂಜಿಯ ಬಟ್ಟಲಲ್ಲಿ ಬೆರಳುದ್ದದ ಒಂದು ತುಂಡು ಕಂಡೆ. ಜಾಡಿ ಎತ್ತಿಕೊಂಡು ಹೋಗಿ ಚರಂಡಿಗೆ ಬಗ್ಗಿಸಿದೆ. ಅವಳು ಬಾಗಿಲಲ್ಲಿ ನಿಂತು ನೀರು ಬೀಳುವ ಸದ್ದು ಕೇಳುತ್ತಿದ್ದಳು. ಅವತ್ತು ಸಂಜೆ ನೂರ ಎಪ್ಪತ್ತೊಂಬತ್ತು ಬಂತು. ನೋಡು, ಇನ್ನೂ ಒಳಗೊಳಗೇ ಕುದೀತಿದೀಯ ಎಂದೆ. ಈಗ ಇದನ್ನೆಲ್ಲ ಹೇಳುವಾಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಚ್ಯಾವ್ ವೈದ್ಯರೂ ಕೈಕಟ್ಟಿ ಕೂರಲಿಲ್ಲ. ಕಿವಿಯ ಒಳಮಡಿಕೆಗೆ ಸಾಸಿವೆಯಂಥ ಕರೀ ಬೀಜಗಳನ್ನು ಅಂಟಿಸಿ, ದಿನಾ ಹತ್ತಾರು ಸಲ ಒತ್ತಿಕೊಳ್ಳಿ ಎಂದರು. ನಾನು ಮಾತಾಡಲು ಶುರುಮಾಡಿದಾಗೆಲ್ಲ ಇವಳು ಎರಡು ಕಿವಿಯನ್ನೂ ಒತ್ತಿಕೊಳ್ಳುತ್ತಿದ್ದಳು, ಔಷಧಿಗೋ ನನ್ನ ಮಾತು ಕೇಳಬಾರದೆಂದೋ ಗೊತ್ತಾಗುತ್ತಿರಲಿಲ್ಲ. ಕಿವಿಯ ತುದಿಗೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದರು. ಅವತ್ತು ಮಧ್ಯಾಹ್ನ ಎಂಟು ಇಳಿಯಿತು, ಮಾರನೇ ದಿನ ಹತ್ತು ಏರಿತು. ಒಂದು ಖಾರದ ಕಾಯಿಯನ್ನು ಪುಡಿ ಮಾಡಿ ವಿನಿಗರ್‌ನಲ್ಲಿ ಕಲಸಿ ಅಂಗಾಲಿಗೆ ಕಟ್ಟಿದೆವು. ಹಾಸಿಗೆಯೆಲ್ಲ ಹುಳಿ ನಾತ. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಕುಳಿಯನ್ನು ನೂರು ಸಲ ಒತ್ತಬೇಕು, ಅದು ಕಾವು ಇಳಿಯುವ ಬಾಗಿಲು. ನನ್ನ ಕೈ ಮೂಟೆ ಹೊತ್ತ ಕೈ, ಮೆತ್ತಗೆ ಒತ್ತಲು ಬರುವುದಿಲ್ಲ. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಪಾದ ಊದಿಕೊಂಡಿತ್ತು. ವಯಸ್ಸಾಯಿತು, ಅದಕ್ಕೇ ನೀರು ತುಂಬಿಕೊಳ್ಳುತ್ತಿದೆ ಎಂದುಕೊಂಡೆವು. ಪ್ರತಿ ಸಲವೂ ವೈದ್ಯರು ನಾಡಿ ಹಿಡಿದು ಹುಬ್ಬು ಗಂಟಿಕ್ಕುತ್ತಿದ್ದರು. ನಾನು ಬರೆದದ್ದಕ್ಕೂ ಈ ನಾಡಿಗೂ ತಾಳೆಯಾಗುತ್ತಿಲ್ಲ ಎಂದು ಒಂದು ಸಲ ಗೊಣಗಿದರು. ಅವರೂ ನನ್ನ ಮಡಕೆಯನ್ನು ಅನುಮಾನಿಸಲಿಲ್ಲ.

ಇಷ್ಟೆಲ್ಲ ಆದಮೇಲೆ ಎರಡನೇ ಸಲ ಹೋದಾಗ ಬಂದದ್ದು ಮೊದಲು ಹೇಳಿದ ನೂರ ಎಂಬತ್ತೆರಡು. ಆಸ್ಪತ್ರೆಯಿಂದ ಹೊರಗೆ ಬಂದವಳೇ ಅವಳು ಹಟ ಬಿಟ್ಟಳು, ಎದುರಿನ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಂಡಳು. ಅವತ್ತಿನಿಂದ ದಿನಾ ಬೆಳಿಗ್ಗೆ ಒಂದು ಮಾತ್ರೆ, ಎರಡು ಬಟ್ಟಲು ಕಷಾಯ. ಮಾತ್ರೆಗೂ ಬಿಪಿ ಬಗ್ಗಲಿಲ್ಲ. ಹಬ್ಬ ಹತ್ತಿರ ಬರುತ್ತಿತ್ತು. ದಿನಾ ಸಂಜೆ ಅವಳು ಗೋಡೆಯ ಕ್ಯಾಲೆಂಡರಿಗೆ ಮೂಗು ತಾಗಿಸಿ ನಿಂತು ದಿನ ಎಣಿಸುತ್ತಿದ್ದಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ನೋಡಲಾಗದ್ದಕ್ಕೇ ಇನ್ನಷ್ಟು ರೇಗುತ್ತಿದ್ದೆ.

ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಮೂರನೇ ಸಲ ಹೋದೆವು. ನೂರ ಎಂಬತ್ತಾರು. ಈ ಸಲ ನರ್ಸು ಕಳಿಸಿಬಿಡಲಿಲ್ಲ. ರಕ್ತ ಪರೀಕ್ಷೆಯ ಚೀಟಿ ನೋಡಿ ಒಳಗಿನಿಂದ ಲುವಾನ್ ಎಂಬ ಡಾಕ್ಟರಮ್ಮನನ್ನು ಕರೆದಳು. ಮೂವತ್ತು ದಾಟಿರದ ಹುಡುಗಿ, ನಿದ್ದೆಗೆಟ್ಟ ಕಣ್ಣು. ಚೀಟಿಯನ್ನು ಎರಡು ಸಲ ಓದಿದಳು. ಮೊದಲ ಸಲ ಬಂದ ಮೇ ತಿಂಗಳಲ್ಲಿ ಸರಿಯಾಗಿದ್ದ ರಕ್ತದ ಪೊಟ್ಯಾಸಿಯಂ ಈಗ ಪಾತಾಳಕ್ಕೆ ಇಳಿದಿದೆ, ಇದು ಬರೀ ಬಿಪಿಯಲ್ಲ ಎಂದಳು. ವಾಂತಿಯೇ, ಭೇದಿಯೇ, ಬೇರೆ ಯಾವುದಾದರೂ ಮಾತ್ರೆಯೇ ಎಂದು ಒಂದೊಂದಾಗಿ ಕೇಳುತ್ತ ಬಂದಳು. ಎಲ್ಲದಕ್ಕೂ ಇಲ್ಲ ಎಂದೆವು. ಮೂಲಿಕೆ ಕಷಾಯವೇನಾದರೂ ಎಂದಳು. ನನ್ನ ಹೆಂಡತಿ ಹನ್ನೊಂದು ಹೆಸರನ್ನೂ ಗ್ರಾಂ ಸಮೇತ ಒಪ್ಪಿಸಿದಳು. ಚೀಟಿಯನ್ನು ಅವಳು ಓದಿರಲಿಲ್ಲ, ವೈದ್ಯರು ಬರೆಯುತ್ತ ಹೇಳಿಕೊಂಡದ್ದನ್ನು ಕೇಳಿ ನೆನಪಿಟ್ಟುಕೊಂಡಿದ್ದಳು.

"ಜ್ಯೇಷ್ಠಮಧು ಇಲ್ವಾ ಅಮ್ಮ ಇದ್ರಲ್ಲಿ?" ಎಂದಳು ಡಾಕ್ಟರಮ್ಮ.

ನಾನು ಕೂತಲ್ಲಿಂದ ಎದ್ದು ನಿಂತೆ. ಯಾಕೆ ಎಂದು ಇನ್ನೂ ಗೊತ್ತಿರಲಿಲ್ಲ. ಅವಳು ಕೇಳಿದ ರೀತಿಗೇ ಹಾಗಾಯಿತು.

"ಚೀಟಿಯಲ್ಲಿಲ್ಲ," ಎಂದಳು ಹೆಂಡತಿ. "ಎರಡು ಚೂರು ಇವ್ನು ಹಾಕ್ತಾನೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾನೆ."

ನಾನು ತಿರುಗಿ ಅವಳನ್ನೇ ನೋಡಿದೆ. ಇವಳಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎರಡು ಚೂರಿಗೆಲ್ಲ ಹೀಗಾಗುವುದಿಲ್ಲ ಎಂದಳು. ಜ್ಯೇಷ್ಠಮಧು ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಕಳೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಕಾಲು ಊದುತ್ತದೆ ಎಂದು ವಿವರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಎಷ್ಟು ಹಾಕ್ತಿದ್ರಿ ಮಾಮ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಬಲಗೈ ಚಾಚಿ, ಹಿಡಿ ತುಂಬಿಕೊಂಡ ಹಾಗೆ ಬೆರಳು ಮಡಿಸಿ ತೋರಿಸಿದೆ. ಡಾಕ್ಟರಮ್ಮ ಕಣ್ಣರಳಿಸಿ ನೋಡಿದಳು. ಹೆಂಡತಿಗೆ ಕಾಣಲಿಲ್ಲ.

"ಏನ್ ತೋರಿಸ್ತಿದೀಯ?" ಎಂದಳು.

ಅವಳು ಕೈ ಚಾಚಿ ತಡವರಿಸಿ ನನ್ನ ಮಣಿಕಟ್ಟು ಹಿಡಿದಳು. ಅಲ್ಲಿಂದ ಅಂಗೈಗೆ ಬಂದಳು. ಮಡಿಸಿದ ಬೆರಳುಗಳ ಒಳಗೆ ತನ್ನ ಬೆರಳು ಆಡಿಸಿ ಆಳ ನೋಡಿದಳು, ಅಗಲ ನೋಡಿದಳು. ಅಂಗಡಿಯಲ್ಲಿ ಮೂಲಿಕೆ ಎತ್ತುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು.

"ಇಪ್ಪತ್ತೆಂಟು ಗ್ರಾಂ," ಎಂದಳು. "ದಿನಕ್ಕೆ ಎಷ್ಟು ಹಿಡಿ?"

"ಎರಡು."

"ತೂಗಲೇ ಇಲ್ವಾ?"

ಮೂವತ್ತೆಂಟು ವರ್ಷ ಊರಿಗೆಲ್ಲ ಅರ್ಧ ಗ್ರಾಂ ತಪ್ಪದಂತೆ ತೂಗಿ ಕೊಟ್ಟವಳ ಮನೆಯಲ್ಲಿ, ಅವಳ ಮಡಕೆಗೆ, ಅವಳ ಗಂಡ ದನಕ್ಕೆ ಹುಲ್ಲು ಹಾಕಿದ ಹಾಗೆ ಹಾಕಿದ್ದ. ಅವಳು ನನ್ನ ಕೈ ಬಿಟ್ಟಳು. ಡಾಕ್ಟರಮ್ಮ ಇವತ್ತಿನಿಂದಲೇ ಅದನ್ನು ನಿಲ್ಲಿಸಿ, ಈ ಔಷಧಿ ಕೊಡುತ್ತೇನೆ, ದೇಹದಿಂದ ಅದರ ಪ್ರಭಾವ ಇಳಿಯಲು ಕೆಲವು ವಾರವಾದರೂ ಬೇಕು ಎಂದಳು. ವಾರಗಳು ಎಂದಾಗ ಹೆಂಡತಿ ತಲೆ ತಗ್ಗಿಸಿದಳು. ನಮ್ಮ ಹತ್ತಿರ ಇದ್ದದ್ದು ಒಂಬತ್ತು ದಿನ.

ಮೂರು ಗಾಲಿಯ ಗಾಡಿಯಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೊರಟೆ. ಸೇತುವೆ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ ಹಿಂದೆ ತಿರುಗಿ, ಬೈದುಬಿಡು, ಬಾಯಿಗೆ ಬಂದದ್ದೆಲ್ಲ ಬೈ ಎಂದೆ.

"ಕೋಪ ಮಾಡ್ಕೋಬಾರ್ದು ಅಂತ ನೀನೇ ತಾನೇ ನಾಲ್ಕು ತಿಂಗಳಿಂದ ಜೀವ ತಿಂದದ್ದು," ಎಂದಳು. "ಬಿಪಿ ಇಳೀಲಿ. ಆಮೇಲೆ ಬೈತೀನಿ. ಈಗ ಗಾಡಿ ಬಿಡು."

ಚ್ಯಾವ್ ವೈದ್ಯರಿಗೆ ನಾನೇ ಹೋಗಿ ಹೇಳಿದೆ. ಗಿರಾಕಿಗಳ ಎದುರಿಗೇ ಹೇಳಿದೆ, ಅಷ್ಟಾದರೂ ಶಿಕ್ಷೆ ಬೇಕೆನ್ನಿಸಿತ್ತು. ಅವಳಿಗೆ ಅದು ಬೇಡವೆಂದೇ ನಾನು ಬರೆದಿರಲಿಲ್ಲ ಎಂದರು. ನಾನು ಒಂದು ಸಲವಾದರೂ ಕಷಾಯದ ಚರಟ ತರಿಸಿ ನೋಡಬೇಕಿತ್ತು, ಆ ತಪ್ಪು ನನ್ನದು ಎಂದೂ ಹೇಳಿದರು. ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ಹಬ್ಬದ ದಿನ ಬೆಳಿಗ್ಗೆ ನೂರ ಎಪ್ಪತ್ತೆರಡು. ಮಧ್ಯಾಹ್ನ ಯಜಮಾನ ಹುವೊ ಕೆಂಪು ಡಬ್ಬಿಯಲ್ಲಿ ಹಬ್ಬದ ಕೇಕು ಹಿಡಿದು ತಾನೇ ಬಂದ. ಬಂದವನು ಟೀ ಕುಡಿದ, ಹವೆಯ ಮಾತಾಡಿದ, ಆಮೇಲೆ 'ಫಾಂಗ್' ಎಂದು ಶುರುಮಾಡಿ ನಿಲ್ಲಿಸಿದ. ಹೆಂಡತಿಯೇ, ಅವಳನ್ನು ಕಾಯಂ ಮಾಡಿಕೊಳ್ಳಿ, ಕೈ ಚೆನ್ನಾಗಿದೆ, ಗೆಡ್ಡೆ ಹೆಚ್ಚುವಾಗ ಮಾತ್ರ ಆತುರ ಎಂದಳು. ಅಷ್ಟಕ್ಕೇ ಅವನ ಮುಖ ಹಗುರಾಯಿತು. ಅಷ್ಟೊಂದು ಔಷಧಿ ಮಾಡಿದರೂ ಯಾಕೆ ಇಳಿಯಲಿಲ್ಲ ಮೇಸ್ತ್ರಿ ಎಂದು ಕೇಳಿದ. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅವಳ ಊದಿದ ಕಾಲು ನನ್ನ ಕಾಲನ್ನು ತುಳಿಯಿತು.

"ಉಪ್ಪಿನಕಾಯಿ," ಎಂದಳು. "ಬಿಡೋಕಾಗಲಿಲ್ಲ."

ಅವನು ಅಯ್ಯೋ ಎಂದು ನಕ್ಕ. ಊರೆಲ್ಲ ಆಮೇಲೆ ಅದನ್ನೇ ಆಡಿಕೊಂಡಿತು, ಗೆಂಗ್ ಮೇಸ್ತ್ರಿ ಉಪ್ಪಿನಕಾಯಿ ಆಸೆಗೆ ಕೌಂಟರ್ ಬಿಟ್ಟಳು ಎಂದು. ರೊಟ್ಟಿಯವನು ನನ್ನನ್ನು ಕಂಡಾಗೆಲ್ಲ, ನೀವಾದರೂ ಹೇಳಬಾರದಿತ್ತೇ ಎನ್ನುತ್ತಿದ್ದ. ನಾನು ಚರಂಡಿಗೆ ಸುರಿದ ಜಾಡಿಯ ಮೇಲೆ ನನ್ನ ತಪ್ಪನ್ನು ಹೊರಿಸಿ ಅವಳು ಕೂತಿದ್ದಳು, ನಿಜ ಹೇಳುತ್ತೇನೆಂದರೆ ಬಿಡುತ್ತಿರಲಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಹಬ್ಬ ಕಳೆದ ಮೇಲೆ, ಅವಸರವೆಲ್ಲ ಮುಗಿದ ಮೇಲೆ, ಬಿಪಿ ಇಳಿಯತೊಡಗಿತು. ನೂರ ಅರವತ್ತು. ನೂರ ಐವತ್ತೆರಡು. ಕಾಲಿನ ಊತ ಹೋಯಿತು. ಚಳಿ ಬೀಳುವ ಹೊತ್ತಿಗೆ ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಅರ್ಧ ಗಂಟೆಯೂ ಆಗಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ವಾರಕ್ಕೆ ಅವಳು ಅಂಗಡಿಯ ಕಡೆ ಹೋಗಿ, ಗಿರಾಕಿಗಳು ನಿಲ್ಲುವ ಕಡೆ ಸ್ವಲ್ಪ ಹೊತ್ತು ನಿಂತು, ಏನೂ ಕೊಳ್ಳದೆ ವಾಪಸ್ ಬಂದಳಂತೆ. ಇದನ್ನು ನನಗೆ ಹೇಳಿದವನು ರೊಟ್ಟಿಯವನು, ಅವಳಲ್ಲ.

ಮಾರನೇ ಬೆಳಿಗ್ಗೆ ಗಂಜಿ ಕುಡಿದ ಮೇಲೆ ಅವಳ ತೋಳಿಗೆ ಪಟ್ಟಿ ಸುತ್ತಿದೆ. ನೂರ ಇಪ್ಪತ್ತೆಂಟು. ಅಂಕಿಯನ್ನು ಅವಳೇ ಓದಿದಳು. ನಾನು ಪಟ್ಟಿ ಬಿಚ್ಚಿ ಮಡಿಸಿಟ್ಟು ಎದುರಿಗೆ ಕೂತೆ. ಇಳಿದಿದೆ, ಇನ್ನು ಬೈ ಎಂದೆ. ಅವಳು ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಬೈಯುವುದೇನಿದೆ ಎಂದಳು. ಅಷ್ಟು ಹೊತ್ತಿಗೆ ನನ್ನದೇ ಬಿಪಿ ಏರಿತು. ಏನಿದೆ ಅಂದರೇನು, ಮೂವತ್ತೆಂಟು ವರ್ಷದ ಕೆಲಸ ಹೋಯಿತು, ಊರೆಲ್ಲ ನಿನ್ನನ್ನು ಆಡಿಕೊಂಡಿತು, ನಾನು ಮಾಡಿದ ಕೆಲಸಕ್ಕೆ ನೀನು ಉಪ್ಪಿನಕಾಯಿ ಎಂದು ಹೇಳಿದೆ ಎಂದು ಕೂಗಾಡಿದೆ. ಕೂಗಾಡುತ್ತ, ಆಸ್ಪತ್ರೆಯ ಆ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನೂ ಕೇಳಿಬಿಟ್ಟೆ. ನಿನಗೆ ಮೊದಲ ಗುಟುಕಿಗೇ ಗೊತ್ತಾಗಿತ್ತು. ಆ ಚೀಟಿಗೆ ಅದು ಸೇರಬಾರದು ಎಂದೂ ಗೊತ್ತಿತ್ತು. ಹಾಕಬೇಡ ಎಂದು ಒಂದೇ ಒಂದು ಮಾತು ಯಾಕೆ ಹೇಳಲಿಲ್ಲ?

ಅವಳು ಬಟ್ಟಲುಗಳನ್ನು ಕೆಳಗಿಟ್ಟಳು.

"ಎರಡು ಚೂರೇ ಅಂದ್ಕೊಂಡೆ. ಎರಡು ಚೂರಿಗೆ ಏನಾಗುತ್ತೆ ಅಂತ ಸುಮ್ನಿದ್ದೆ," ಎಂದಳು. ಆಮೇಲೆ, ನನ್ನ ಕಡೆ ನೋಡದೆ, "ಹೇಳಿದ್ರೆ ನೀನು ಹಾಕೋದು ನಿಲ್ಲಿಸ್ತಿದ್ದೆ," ಎಂದಳು.

ಅವಳು ಬಟ್ಟಲು ಎತ್ತಿಕೊಂಡು ನಲ್ಲಿಯ ಹತ್ತಿರ ಹೋದಳು, ನಾನು ಮಡಿಸಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಮಡಿಸುತ್ತ ಕೂತೆ.